ಲೇಬರ್ ವಾರ್ಡಿನಿಂದ ಶುರು ಮಾಡಿ: ಡಾಕ್ಟರ್, ಸಿಸ್ಟರ್, ಲ್ಯಾಬ್, ಆಯಾ ಒಟ್ಟಿಗೆ ಕಲಿಯುವುದು ಹೇಗೆ?

ಹೆರಿಗೆಯಾದ ಮೇಲೆ ರಕ್ತ ಹೋಗುತ್ತಲೇ ಇದ್ದ ಒಬ್ಬ ತಾಯಿಗೆ ರಕ್ತ ಕೇಳಿ ಬ್ಲಡ್ ಬ್ಯಾಂಕಿಗೆ ಕಳಿಸಿದ ಫಾರಂ ಆ ರಾತ್ರಿ ಎರಡು ಸಲ ವಾಪಸ್ ಬಂತು. ಮೊದಲ ಸಲ ಡಾಕ್ಟರ ಸಹಿ ಇರಲಿಲ್ಲ. ಎರಡನೇ ಸಲ ಸ್ಯಾಂಪಲ್ ಟ್ಯೂಬಿನ ಮೇಲೆ ತಾಯಿಯ ಐಪಿ ನಂಬರ್ (ಆಸ್ಪತ್ರೆಗೆ ದಾಖಲಾದ ಸಂಖ್ಯೆ) ಇರಲಿಲ್ಲ.

ವಾಪಸ್ ಕಳಿಸಿದ ಟೆಕ್ನಿಷಿಯನ್ ಮಾಡಿದ್ದು ಎರಡು ಸಲವೂ ಸರಿ. ನಂಬರ್ ಇಲ್ಲದ ಟ್ಯೂಬ್ ತೆಗೆದುಕೊಂಡರೆ ಯಾರದೋ ರಕ್ತ ಯಾರಿಗೋ ಹೋಗುತ್ತದೆ. ಮೆಟ್ಟಿಲು ಹತ್ತಿ ಇಳಿದ ಆಯಮ್ಮನದೂ ತಪ್ಪಿಲ್ಲ. ಫಾರಂನಲ್ಲಿ ಏನೇನು ಇರಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಿ.ಜಿ. ಡಾಕ್ಟರ ಎರಡೂ ಕೈ ತಾಯಿಯ ಹೊಟ್ಟೆಯ ಮೇಲಿದ್ದವು, ಪೆನ್ನು ಹಿಡಿಯುವ ಸ್ಥಿತಿಯೇ ಇರಲಿಲ್ಲ. ನಾನು ಎರಡನೇ ಡ್ರಿಪ್ ಹಾಕುತ್ತಿದ್ದೆ. ಎಲ್ಲರೂ ಅವರವರ ಕೆಲಸವನ್ನು ಸರಿಯಾಗಿಯೇ ಮಾಡಿದೆವು. ಆದರೂ ರಕ್ತ ತಡವಾಗಿ ಬಂತು.

ತಾಯಿ ಉಳಿದರು. ಬೆಳಿಗ್ಗೆ ಕೈ ತೊಳೆಯುವಾಗ ಆಯಮ್ಮ ಮೆಲ್ಲಗೆ ಹೇಳಿದರು: "ಬಟ್ಟೆ ಪೂರ್ತಿ ನೆಂದಿದ್ದು ನಾನು ಮೊದ್ಲೇ ನೋಡಿದ್ದೆ ಸಿಸ್ಟರ್. ನಾನು ಹೇಳ್ಬಹುದೋ ಇಲ್ವೋ ಅಂತ ಸುಮ್ನಾದೆ."

ಲೇಬರ್ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ಆಮೇಲೆ ನರ್ಸಿಂಗ್ ಟ್ಯೂಟರ್ ಆದವಳು ನಾನು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಬೇರೆ ಬೇರೆ ಕೆಲಸದವರನ್ನು ಒಟ್ಟಿಗೆ ಕೂರಿಸಿ ಕಲಿಸಬೇಕು ಅಂತ ನಿಮಗೂ ಅನಿಸಿದ್ದರೆ, ಈ ಬರಹ ನಿಮಗೆ. ದೊಡ್ಡ ಬಜೆಟ್ ಬೇಡ. ಬೀಟ್‌ರೂಟ್ ನೀರು, ಹಳೆ ಸೀರೆ, ಅಡುಗೆಮನೆಯ ತಕ್ಕಡಿ ಮತ್ತು ವಾರಕ್ಕೆ ಒಂದು ಗಂಟೆ ಸಾಕು.

ಒಂದೇ ಹಾಲ್‌ನಲ್ಲಿ ಕೂತರೆ ಸಾಲದು

ಇದನ್ನು ಇಂಟರ್‌ಪ್ರೊಫೆಷನಲ್ ಎಜುಕೇಶನ್ ಅನ್ನುತ್ತಾರೆ. ಚಿಕ್ಕದಾಗಿ ಐಪಿಇ. ನಾನು 'ಕೂಡಿ ಕಲಿಯುವುದು' ಅನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದರ ಬಗ್ಗೆ ಒಂದು ಚೌಕಟ್ಟು ಹೊರತಂದಿತು. ಅದರ ಸಾರ ಇಷ್ಟೇ: ಎರಡು ಅಥವಾ ಹೆಚ್ಚು ವೃತ್ತಿಯವರು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯಬೇಕು. ಈ ಮೂರರಲ್ಲಿ ನಮ್ಮಲ್ಲಿ ಆಗುವುದು ಹೆಚ್ಚೆಂದರೆ ಒಂದು. ಸೆಮಿನಾರ್ ಹಾಲ್‌ನಲ್ಲಿ ಡಾಕ್ಟರುಗಳು ಮುಂದಿನ ಸಾಲು, ಸಿಸ್ಟರ್‌ಗಳು ಹಿಂದಿನ ಸಾಲು. ಒಬ್ಬರು ಸ್ಲೈಡ್ ತೋರಿಸುತ್ತಾರೆ, ಆಮೇಲೆ ಟೀ. ಅದು ಭಾಷಣ. ಅಲ್ಲಿ ಯಾರೂ ಯಾರಿಂದಲೂ ಕಲಿಯುವುದಿಲ್ಲ.

ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯ ಈ ಕೆಲಸವನ್ನು 1986ರಲ್ಲೇ ಶುರು ಮಾಡಿತು. 1996ರಲ್ಲಿ ಬೇರೆ ಬೇರೆ ಕೋರ್ಸಿನ ವಿದ್ಯಾರ್ಥಿಗಳೇ ಸೇರಿ, ಹಿರಿಯರ ಕಣ್ಗಾವಲಿನಲ್ಲಿ, ರೋಗಿಗಳನ್ನು ನೋಡಿಕೊಳ್ಳುವ ವಾರ್ಡನ್ನೇ ಅಲ್ಲಿ ತೆರೆದರು. ಅದೇ 1996ರಲ್ಲಿ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಶುರುವಾಯಿತು. ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಎಲ್ಲವೂ ಅದರ ಕೆಳಗೇ ಬರುತ್ತವೆ. ಎಷ್ಟೋ ಕಡೆ ಇವರೆಲ್ಲ ಒಂದೇ ಕ್ಯಾಂಪಸ್ಸಿನಲ್ಲಿ, ಒಂದೇ ಕ್ಯಾಂಟೀನಿನಲ್ಲಿ ಇರುತ್ತಾರೆ. ಕ್ಲಾಸು ಮಾತ್ರ ಬೇರೆ ಬೇರೆ. ಡ್ಯೂಟಿಗೆ ಬಂದ ದಿನವೇ ಒಬ್ಬರ ಮುಖ ಒಬ್ಬರು ನೋಡುವುದು.

ಯಾಕೆ ಒಂದೇ ವಿಷಯ, ಯಾಕೆ ರಕ್ತಸ್ರಾವ

'ಟೀಮ್‌ವರ್ಕ್' ಅನ್ನೋದನ್ನೇ ವಿಷಯ ಮಾಡಿಕೊಳ್ಳಬೇಡಿ. ಯಾರಿಗೂ ತಲೆಗೆ ಹತ್ತುವುದಿಲ್ಲ. ಎಲ್ಲರ ಕೈಯೂ ಬೀಳಲೇಬೇಕಾದ ಒಂದು ಕೇಸ್ ಹಿಡಿಯಿರಿ. ಹೆರಿಗೆ ಆದ ಮೇಲಿನ ರಕ್ತಸ್ರಾವ ಅಂಥದ್ದು. ಸಾಮಾನ್ಯ ಹೆರಿಗೆಯ ನಂತರ 500 ಮಿಲಿ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದು ಪಿಪಿಎಚ್. ಆಯಾ ಬಟ್ಟೆ ನೋಡುತ್ತಾರೆ, ಸಿಸ್ಟರ್ ನಾಡಿ ನೋಡುತ್ತಾರೆ, ಡಾಕ್ಟರ್ ಕಾರಣ ಹುಡುಕುತ್ತಾರೆ, ಫಾರ್ಮಸಿಸ್ಟ್ ಔಷಧಿ ಸಿದ್ಧ ಇಟ್ಟಿರಬೇಕು, ಲ್ಯಾಬ್‌ನವರು ರಕ್ತ ಹೊಂದಿಸಬೇಕು, ಅನಸ್ತೇಶಿಯಾದವರು ಬರಬೇಕು, ಆಂಬುಲೆನ್ಸ್ ಚಾಲಕ ಎದ್ದಿರಬೇಕು.

ಈ ವಿಷಯದಲ್ಲಿ ನಮ್ಮ ನೆಲದ್ದೇ ಒಂದು ಕಥೆ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. 2006ರಲ್ಲಿ ಅದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. 1620 ತಾಯಂದಿರು. ಹೆರಿಗೆ ಮಾಡಿಸಿದ್ದು, ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಿದ್ದು, ರಕ್ತ ಅಳೆದಿದ್ದು ಎಲ್ಲ ಹಳ್ಳಿಗಳಲ್ಲಿ ಹೆರಿಗೆ ನೋಡಿಕೊಳ್ಳುವ ಎಎನ್‌ಎಂ ಸಿಸ್ಟರ್‌ಗಳು. ಅಳೆಯುವುದಕ್ಕೆ ಅಂತಲೇ ತಾಯಿಯ ಕೆಳಗೆ ಹಾಸುವ, ಗುರುತು ಹಾಕಿದ ಪ್ಲಾಸ್ಟಿಕ್ ಚೀಲದಂಥ ಹಾಳೆ ಬಳಸಿದರು. ಮಾತ್ರೆ ಸಿಗದ ಗುಂಪಿನಲ್ಲಿ ಪಿಪಿಎಚ್ ಶೇ 12 ಇತ್ತು, ಸಿಕ್ಕವರಲ್ಲಿ ಶೇ 6.4ಕ್ಕೆ ಇಳಿಯಿತು. ಡಾಕ್ಟರ್ ಇಲ್ಲದ ಊರಿನಲ್ಲಿ, ಸರಿಯಾಗಿ ಕಲಿಸಿದ ಸಿಸ್ಟರ್‌ಗಳ ಕೈಯಲ್ಲಿ ಆದ ಕೆಲಸ ಇದು. ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಹೇಳುವಾಗ ಪ್ರತಿ ಸಲ ಹೆಮ್ಮೆ ಆಗುತ್ತದೆ.

2023ರಲ್ಲಿ ಇ-ಮೋಟಿವ್ ಅನ್ನುವ ಅಧ್ಯಯನ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳು, 2 ಲಕ್ಷಕ್ಕೂ ಹೆಚ್ಚು ತಾಯಂದಿರು. ಅದೇ ಬಗೆಯ ಅಳತೆಯ ಹಾಳೆಯಿಂದ ರಕ್ತಸ್ರಾವ ಬೇಗ ಗುರುತಿಸುವುದು. ಗುರುತಿಸಿದ ಕೂಡಲೇ ಗರ್ಭಕೋಶ ತೀಡುವುದು, ಅದನ್ನು ಬಿಗಿಯಾಗಿಸುವ ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ, ಎಲ್ಲ ಒಂದೇ ಸಲಕ್ಕೆ. ಒಂದಾದ ಮೇಲೊಂದು ಅಂತ ಕಾಯುವುದಿಲ್ಲ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಆಪರೇಷನ್, ಸಾವು, ಇವು ಮೂರನ್ನೂ ಸೇರಿಸಿ ನೋಡಿದರೆ ಶೇ 60ರಷ್ಟು ಕಡಿಮೆಯಾಯಿತು. ಔಷಧಿ ಯಾವುದೂ ಹೊಸದಲ್ಲ. ಒಟ್ಟಿಗೆ ಮಾಡಬೇಕಾದ್ದನ್ನು ಒಟ್ಟಿಗೆ ಮಾಡಿದರು. ಒಬ್ಬರ ಎರಡು ಕೈಯಲ್ಲಿ ಇದು ಆಗುವ ಕೆಲಸವೇ ಅಲ್ಲ.

ಹಂತ 1: ನಾಲ್ಕು ಜನ ಸೇರಿ, ಸುತ್ತೋಲೆ ಬೇಡ

ಮೇಲಿನಿಂದ ಸುತ್ತೋಲೆ ಬಂದರೆ ಜನ ಸಹಿ ಹಾಕಿ ಹೋಗುತ್ತಾರೆ. ಮೊದಲು ಆಸಕ್ತಿ ಇರುವ ನಾಲ್ಕು ಜನ ಸೇರಿ: ಒಬ್ಬ ಡಾಕ್ಟರ್, ಲೇಬರ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ಬ್ಲಡ್ ಬ್ಯಾಂಕಿನಿಂದ ಒಬ್ಬರು, ಆಯಾಗಳಿರುವ ಡಿ ಗ್ರೂಪ್‌ನಿಂದ ಒಬ್ಬರು. ಕೊನೆಯವರನ್ನು 'ಆಮೇಲೆ ಸೇರಿಸೋಣ' ಅಂತ ಬಿಡಬೇಡಿ. ಆಮೇಲೆ ಅನ್ನೋದು ಬರುವುದೇ ಇಲ್ಲ. ಸೂಪರಿಂಟೆಂಡೆಂಟ್ ಹತ್ತಿರ ಹೋಗಿ ಅನುಮತಿ ಕೇಳಿ, ಜೊತೆಗೆ ಒಂದು ಮಾತೂ ಕೇಳಿಕೊಳ್ಳಿ: ಅಭ್ಯಾಸದಲ್ಲಿ ಆದ ತಪ್ಪು ಯಾರ ಸರ್ವಿಸ್ ದಾಖಲೆಗೂ ಹೋಗಬಾರದು. ಈ ಮಾತು ಸಿಗದೆ ಮುಂದೆ ಹೋಗಬೇಡಿ.

ನಡೆಸಿಕೊಡುವವರು ಯಾವಾಗಲೂ ಇಬ್ಬರಿರಲಿ, ಒಬ್ಬ ಡಾಕ್ಟರ್ ಮತ್ತು ಒಬ್ಬ ಸಿಸ್ಟರ್. ಒಬ್ಬರೇ ನಡೆಸಿದರೆ ಅವರ ವೃತ್ತಿಯವರದ್ದೇ ಮಾತು ಆಗುತ್ತದೆ. ಒಂದು ಸಲಕ್ಕೆ 8ರಿಂದ 10 ಜನ ಸಾಕು.

ಹಂತ 2: ದಾರಿ ನಡೆದು ನೋಡಿ

ಮೊದಲ ವಾರ ಪಾಠ ಬೇಡ. ಎಲ್ಲರೂ ಸೇರಿ ಹೆರಿಗೆ ಟೇಬಲ್‌ನಿಂದ ಬ್ಲಡ್ ಬ್ಯಾಂಕಿನ ಕಿಟಕಿಯವರೆಗೆ ನಡೆಯಿರಿ. ಗಡಿಯಾರ ನೋಡಿಕೊಳ್ಳಿ. ದಾರಿಯಲ್ಲಿ ನಿಂತು ಕೇಳಿ: ಆಕ್ಸಿಟೋಸಿನ್ ಇರುವ ಫ್ರಿಜ್ ಎಲ್ಲಿ? ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಿ. ಫ್ರಿಜ್ಜಿಗೆ ಬೀಗ ಇದ್ದರೆ ರಾತ್ರಿ ಕೀ ಯಾರ ಹತ್ತಿರ? ಲಿಫ್ಟ್ ರಾತ್ರಿ ನಡೆಯುತ್ತದಾ? ಫಾರಂ ಎಲ್ಲಿ ಇಟ್ಟಿರುತ್ತಾರೆ?

ವಾಪಸ್ ಬಂದು ಕೂತು ಪ್ರತಿಯೊಬ್ಬರಿಗೂ ಎರಡು ಚೀಟಿ ಕೊಡಿ. ಒಂದರಲ್ಲಿ 'ಪಿಪಿಎಚ್ ಆದಾಗ ನಾನು ಮಾಡುವುದು', ಇನ್ನೊಂದರಲ್ಲಿ 'ನನ್ನ ಪಕ್ಕದಲ್ಲಿ ಕೂತವರು ಮಾಡುವುದು ಅಂತ ನಾನು ಅಂದುಕೊಂಡಿದ್ದು'. ಬರೆಯಲು ಕಷ್ಟ ಆದವರು ಬಾಯಲ್ಲಿ ಹೇಳಲಿ, ಬೇರೆಯವರು ಬರೆದುಕೊಳ್ಳಲಿ. ಎರಡನೇ ಚೀಟಿ ಓದುವಾಗ ನಿಜವಾದ ಕಲಿಕೆ ಶುರುವಾಗುತ್ತದೆ. ನಾವು ಮಾಡಿದ ಸಲ ಹೌಸ್‌ಸರ್ಜನ್ ಒಬ್ಬರು 'ಕ್ರಾಸ್‌ಮ್ಯಾಚ್ ಅಂದರೆ ಐದು ನಿಮಿಷದ ಕೆಲಸ' ಅಂತ ಬರೆದಿದ್ದರು. ಕೊಡುವ ರಕ್ತ ತಾಯಿಗೆ ಹೊಂದುತ್ತದಾ ಅಂತ ನೋಡುವ ಪರೀಕ್ಷೆ ಅದು. ಟೆಕ್ನಿಷಿಯನ್ ಎದ್ದು ನಿಂತು ಒಂದೊಂದೇ ಹಂತ ವಿವರಿಸಿದರು. ಅಷ್ಟು ಹೊತ್ತು ಯಾಕೆ ಬೇಕು ಅಂತ ನನಗೂ ಅವತ್ತೇ ಪೂರ್ತಿ ಗೊತ್ತಾಗಿದ್ದು. ಅಷ್ಟು ವರ್ಷ ನಾನು ಫೋನಿನಲ್ಲಿ 'ಬೇಗ ಕೊಡಿ' ಅಂತ ರೇಗಿದ್ದೆ.

ಹಂತ 3: ರಕ್ತ ಅಂದಾಜು ಮಾಡುವ ಆಟ

ಎರಡನೇ ವಾರಕ್ಕೆ ಇದು. ಬೀಟ್‌ರೂಟ್ ಬೇಯಿಸಿದ ನೀರನ್ನು ಅಳೆದುಕೊಳ್ಳಿ. ಒಂದು ಪ್ಯಾಡಿಗೆ 100 ಮಿಲಿ, ಮಡಿಸಿದ ಹಳೆ ಸೀರೆಗೆ 500, ಟ್ರೇಯಲ್ಲಿ 300, ನೆಲದ ಮೇಲಿನ ಪ್ಲಾಸ್ಟಿಕ್ ಹಾಳೆಗೆ 1000. ಪಕ್ಕದಲ್ಲಿ ನಂಬರ್ ಮಾತ್ರ ಇಡಿ. ಎಲ್ಲರೂ ಸುತ್ತಾಡಿ, ಮಾತಾಡದೆ, ಎಷ್ಟಿದೆ ಅಂತ ಬರೆಯಲಿ. ಆಮೇಲೆ ನಿಜವಾದ ಅಳತೆ ಹೇಳಿ.

ಕಣ್ಣಳತೆಯಲ್ಲಿ ಜಾಸ್ತಿ ರಕ್ತವನ್ನು ಕಡಿಮೆ ಅಂದುಕೊಳ್ಳುವುದು ಎಲ್ಲ ವೃತ್ತಿಯವರೂ ಮಾಡುವ ತಪ್ಪು. ಈ ಆಟದಲ್ಲಿ ಪ್ರೊಫೆಸರೂ ತಪ್ಪುತ್ತಾರೆ, ವಿದ್ಯಾರ್ಥಿಯೂ ತಪ್ಪುತ್ತಾರೆ. ದಿನಾ ಬಟ್ಟೆ ಹಿಂಡುವ, ಒಗೆಯಲು ಕಳಿಸುವ ಆಯಮ್ಮ ನಮ್ಮ ಗುಂಪಿನಲ್ಲಿ ಸೀರೆಯ ಅಳತೆಗೆ ಎಲ್ಲರಿಗಿಂತ ಹತ್ತಿರ ಬಂದರು. ಆ ಕ್ಷಣದಲ್ಲಿ ಕೋಣೆಯ ಗಾಳಿಯೇ ಬದಲಾಯಿತು. 'ನೀವು ಹೇಗೆ ಗೊತ್ತು ಮಾಡಿದ್ರಿ?' ಅಂತ ಪಿ.ಜಿ. ಡಾಕ್ಟರ್ ಅವರನ್ನು ಕೇಳಿದರು. ಹತ್ತು ಭಾಷಣಕ್ಕೆ ಆಗದ ಕೆಲಸ ಆ ಒಂದು ಪ್ರಶ್ನೆ ಮಾಡಿತು.

ಕೊನೆಗೆ ತಕ್ಕಡಿ ತನ್ನಿ. ಒಣ ಬಟ್ಟೆಯ ತೂಕ, ನೆಂದ ಬಟ್ಟೆಯ ತೂಕ. ಹೆಚ್ಚಾದ ಒಂದೊಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿ. ಅಳತೆಯ ಹಾಳೆ ಇಲ್ಲದ ಕಡೆ ಇದು ಒಳ್ಳೆಯ ಉಪಾಯ.

ಹಂತ 4: ಹೇಳುವ ಮಾತು ಕಲಿಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಹಂತ ಇದು. ಹೆಚ್ಚು ಸಮಯ ಇಲ್ಲಿಗೆ ಕೊಡಿ.

ನಾವು ದೊಡ್ಡವರ ಹತ್ತಿರ ಮಾತಾಡುವಾಗ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೇವೆ. "ಮೇಡಂ, 3ನೇ ಬೆಡ್ ಪೇಶೆಂಟಿಗೆ ಏನೋ ಸ್ವಲ್ಪ ಬ್ಲೀಡಿಂಗ್ ಜಾಸ್ತಿ ಅನ್ಸುತ್ತೆ, ಒಂಚೂರು ನೋಡ್ತೀರಾ?" ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಇದನ್ನು ಕೇಳಿದ ಡಾಕ್ಟರಿಗೆ ಏನು ಅರ್ಥವಾಗಬೇಕು? 'ಸ್ವಲ್ಪ' ಮತ್ತು 'ಜಾಸ್ತಿ' ಒಂದೇ ವಾಕ್ಯದಲ್ಲಿವೆ. ಮರ್ಯಾದೆ ಕೊಡುವ ಭರದಲ್ಲಿ ವಿಷಯ ಕರಗಿಹೋಗುತ್ತದೆ.

ಎಸ್‌ಬಿಎಆರ್ ಅನ್ನುವ, ವಿಷಯ ತಿಳಿಸುವ ಒಂದು ಕ್ರಮ ಇದೆ. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದದ್ದು. ಕನ್ನಡದಲ್ಲಿ ನಾನು ಹೀಗೆ ಕಲಿಸುತ್ತೇನೆ: ಈಗ ಏನಾಗಿದೆ, ಮೊದಲು ಏನಾಗಿತ್ತು, ನನಗೆ ಏನನಿಸುತ್ತಿದೆ, ನೀವು ಏನು ಮಾಡಬೇಕು. ಅದೇ ಫೋನ್ ಹೀಗಾಗುತ್ತದೆ:

"ಮೇಡಂ, ಲೇಬರ್ ವಾರ್ಡ್ ಡ್ಯೂಟಿ ಸಿಸ್ಟರ್ ಮಾತಾಡ್ತಿರೋದು. 3ನೇ ಬೆಡ್ ತಾಯಿಗೆ 600 ಮಿಲಿ ರಕ್ತ ಹೋಗಿದೆ, ಪಲ್ಸ್ 124, ಬಿಪಿ 90/60. 20 ನಿಮಿಷದ ಹಿಂದೆ ನಾರ್ಮಲ್ ಡೆಲಿವರಿ, ಮಾಸು ಪೂರ್ತಿ ಬಂದಿದೆ. ಗರ್ಭಕೋಶ ಮೆತ್ತಗಿದೆ, ಪಿಪಿಎಚ್ ಅನ್ಸುತ್ತೆ. ತೀಡ್ತಿದ್ದೀವಿ, ಆಕ್ಸಿಟೋಸಿನ್ ಶುರು ಆಗಿದೆ. ನೀವು ಈಗಲೇ ಬರಬೇಕು ಮೇಡಂ."

'ಮೇಡಂ' ಹೋಗಿಲ್ಲ, ಮರ್ಯಾದೆ ಹೋಗಿಲ್ಲ. ಅಂಕಿ ಬಂತು, ಕೊನೆಯಲ್ಲಿ ಏನು ಬೇಕು ಅನ್ನೋದು ಬಂತು. ಜೋಡಿ ಜೋಡಿಯಾಗಿ ಕೂರಿಸಿ ಇದನ್ನು ಹತ್ತು ಸಲ ಹೇಳಿಸಿ. ಡಾಕ್ಟರುಗಳೂ ಹೇಳಲಿ, ಯಾಕೆಂದರೆ ಅವರೂ ಅನಸ್ತೇಶಿಯಾದವರಿಗೆ ಫೋನ್ ಮಾಡಬೇಕಲ್ವಾ?

ಎರಡನೆಯದು, ಕೇಳಿದ್ದನ್ನು ತಿರುಗಿ ಹೇಳುವುದು. "ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಐವಿ, ಹತ್ತು ನಿಮಿಷದಲ್ಲಿ." "1 ಗ್ರಾಂ ಐವಿ, ಹತ್ತು ನಿಮಿಷದಲ್ಲಿ, ಕೊಡ್ತಿದ್ದೀನಿ." "ಕೊಟ್ಟಾಯ್ತು, 2 ಗಂಟೆ 14 ನಿಮಿಷ." ಈ ಔಷಧಿ ಹೆರಿಗೆಯಾದ 3 ಗಂಟೆಯೊಳಗೆ ಹೋಗಬೇಕು, ಹಾಗಾಗಿ ಸಮಯ ಹೇಳುವುದೂ ಮುಖ್ಯ. 'ಯಾರಾದ್ರೂ ಡ್ರಿಪ್ ಹಾಕಿ' ಅಂದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ. ಹೆಸರು ಹಿಡಿದು ಹೇಳಿ. ಹೆಸರೇ ಗೊತ್ತಿಲ್ಲದಿದ್ದರೆ? ಪಾಳಿ ಶುರುವಾದಾಗ ಒಂದು ನಿಮಿಷ ನಿಂತು ಎಲ್ಲರೂ ಹೆಸರು, ಕೆಲಸ ಹೇಳಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಆಪರೇಷನ್ ಚೆಕ್‌ಲಿಸ್ಟಿನ 19 ಅಂಶಗಳಲ್ಲಿ ಇದೂ ಒಂದು. ದೆಹಲಿಯೂ ಸೇರಿ 8 ನಗರಗಳಲ್ಲಿ ಆ ಪಟ್ಟಿ ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು ಶೇ 1.5ರಿಂದ 0.8ಕ್ಕೆ ಇಳಿದಿತ್ತು.

ಮೂರನೆಯದು, ಮೇಲಿನವರು ಕೇಳಿಸಿಕೊಳ್ಳದಿದ್ದಾಗ ಏನು ಮಾಡುವುದು. 2005ರಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರೋಮಿಲಿ ಅನ್ನುವ ಮಹಿಳೆ ಸೈನಸ್ ಆಪರೇಷನ್ನಿಗೆ ಬಂದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅನುಭವಿ ಡಾಕ್ಟರುಗಳು ನಳಿಕೆ ಹಾಕುವ ಪ್ರಯತ್ನದಲ್ಲೇ ಮುಳುಗಿಹೋದರು. ನರ್ಸ್ ಒಬ್ಬರು ಕುತ್ತಿಗೆಯಲ್ಲಿ ದಾರಿ ಮಾಡುವ ಸೆಟ್ ತಂದಿಟ್ಟರು. ಇನ್ನೊಬ್ಬರು ಐಸಿಯುನಲ್ಲಿ ಬೆಡ್ ಕೇಳಿದರು. ಏನಾಗುತ್ತಿದೆ ಅಂತ ಅವರಿಗೆ ಗೊತ್ತಾಗಿತ್ತು. ಡಾಕ್ಟರಿಗೆ ಮುಟ್ಟುವ ಹಾಗೆ ಹೇಳುವುದು ಹೇಗೆ ಅಂತ ಗೊತ್ತಾಗಲಿಲ್ಲ. ಎಲೇನ್ ಉಳಿಯಲಿಲ್ಲ. ಪೈಲಟ್ ಆಗಿದ್ದ ಅವರ ಗಂಡ ಮಾರ್ಟಿನ್ ಯಾರ ಮೇಲೂ ಹರಿಹಾಯಲಿಲ್ಲ. ವಿಮಾನದ ಸಿಬ್ಬಂದಿ ಕಲಿಯುವ ಹಾಗೆ ಆಸ್ಪತ್ರೆಯವರೂ ಕಲಿಯಲಿ ಅಂತ 2007ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಇದನ್ನು ಓದಿದಾಗ ನನಗೆ ನಮ್ಮ ಆಯಮ್ಮನ ಮುಖ ಕಣ್ಣಿಗೆ ಬಂತು.

ಇದಕ್ಕೆ ಮೂರು ಮೆಟ್ಟಿಲಿನ ಮಾತು ಕಲಿಸಿ. ಮೊದಲು, "ಸರ್, ನನಗೆ ಗಾಬರಿ ಆಗ್ತಿದೆ." ಕೇಳದಿದ್ದರೆ, "ಸರ್, ಇದು ನನಗೆ ಸರಿ ಕಾಣ್ತಿಲ್ಲ." ಆಗಲೂ ಕೇಳದಿದ್ದರೆ, "ಸರ್, ತಾಯಿ ಜೀವಕ್ಕೆ ಅಪಾಯ ಇದೆ, ದಯವಿಟ್ಟು ನಿಲ್ಲಿಸಿ." ಮೂರನೇ ಮಾತು ಯಾರ ಬಾಯಿಂದ ಬಂದರೂ ಎಲ್ಲರೂ ಕೈ ನಿಲ್ಲಿಸಿ ಕೇಳಬೇಕು ಅಂತ ಗುಂಪಿನಲ್ಲಿ ಮೊದಲೇ ಒಪ್ಪಂದ ಆಗಲಿ. ಡಾಕ್ಟರುಗಳಿಗೂ ಒಂದು ಉತ್ತರ ಅಭ್ಯಾಸ ಮಾಡಿಸಿ: "ಹೇಳಿದ್ದು ಒಳ್ಳೆಯದಾಯ್ತು." ಹೇಳಿದವರ ಅನುಮಾನ ತಪ್ಪಾಗಿದ್ದರೂ ಇದೇ ಉತ್ತರ.

ಹಂತ 5: ಡ್ರಿಲ್

ಮೂರನೇ ವಾರ, ಖಾಲಿ ಇರುವ ಹೆರಿಗೆ ಟೇಬಲ್ ಮೇಲೆ, ಪಾಳಿ ಬದಲಾಗುವ ಹೊತ್ತಿಗೆ ಮಾಡಿ. ವಾರ್ಡಿನ ತಾಯಂದಿರಿಗೂ ಅವರ ಜೊತೆಗಿರುವವರಿಗೂ 'ಇದು ಅಭ್ಯಾಸ, ಗಾಬರಿಯಾಗಬೇಡಿ' ಅಂತ ಮೊದಲೇ ಹೇಳಿ. ನಿಜವಾದ ಕೇಸ್ ಬಂದರೆ ಅಲ್ಲಿಗೇ ನಿಲ್ಲಿಸಿ.

ಒಬ್ಬ ವಿದ್ಯಾರ್ಥಿನಿ ತಾಯಿಯಾಗಿ ಮಲಗಲಿ. ಕೆಳಗೆ ಬೀಟ್‌ರೂಟ್ ನೀರಿನ ಬಟ್ಟೆ. ಪಲ್ಸ್, ಬಿಪಿ ಕೇಳಿದಾಗ ನಡೆಸುವವರು ಅಂಕಿ ಹೇಳುತ್ತಾ ಹೋಗಲಿ. ಪ್ರತಿಯೊಬ್ಬರೂ ತಮ್ಮ ನಿಜವಾದ ಕೆಲಸವನ್ನೇ ಮಾಡಲಿ, ವೇಷ ಬದಲಾಯಿಸುವುದು ಬೇಡ. ಫೋನ್ ನಿಜವಾಗಿಯೂ ಮಾಡಲಿ, ಫಾರಂ ಹಿಡಿದು ನಿಜವಾಗಿಯೂ ಓಡಲಿ. ಬ್ಲಡ್ ಬ್ಯಾಂಕಿಗೆ ಮೊದಲೇ ತಿಳಿಸಿರಿ. ಒಬ್ಬರು ಮೂಲೆಯಲ್ಲಿ ಕೂತು ಮೂರೇ ಸಮಯ ಬರೆದುಕೊಳ್ಳಲಿ: ರಕ್ತಸ್ರಾವ ಅಂತ ಯಾರಾದರೂ ಬಾಯಿಬಿಟ್ಟು ಹೇಳಿದ್ದು, ಮೊದಲ ಔಷಧಿ ಹೋಗಿದ್ದು, ಸರಿಯಾದ ಫಾರಂ ಬ್ಲಡ್ ಬ್ಯಾಂಕ್ ಮುಟ್ಟಿದ್ದು. ಹನ್ನೆರಡು ನಿಮಿಷದಲ್ಲಿ ಮುಗಿಸಿ.

ಹಂತ 6: ಕೂತು ಮಾತಾಡುವುದು

ಡ್ರಿಲ್ ಹನ್ನೆರಡು ನಿಮಿಷ ಆದರೆ ಮಾತು ಅದರ ಎರಡರಷ್ಟು. ಟೀ ತರಿಸಿ, ಎಲ್ಲರಿಗೂ ಒಂದೇ ಥರದ ಕುರ್ಚಿ ಹಾಕಿಸಿ. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಲಿ. ದೊಡ್ಡ ಡಾಕ್ಟರ್ ಮೊದಲು ಮಾತಾಡಿದರೆ ಉಳಿದವರು 'ಹೌದು ಸರ್' ಅಂತಾರೆ, ಅಲ್ಲಿಗೆ ಮುಗಿಯಿತು. ಏನಾಯಿತು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಬದಲಿಸೋಣ, ಈ ಮೂರು ಪ್ರಶ್ನೆ ಸಾಕು. 'ಯಾರು ಮಾಡಿದ್ದು' ಅನ್ನುವ ಪ್ರಶ್ನೆ ಬಂದರೆ ನಡೆಸುವವರು ಅದನ್ನು 'ಯಾಕೆ ಹಾಗಾಯ್ತು' ಕಡೆಗೆ ತಿರುಗಿಸಬೇಕು.

ಮಾತು ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಶುರುವಾದ ಕೂಡಲೇ ಅರ್ಧ ಜನ ಸುಮ್ಮನಾಗುತ್ತಾರೆ. ಹೊರ ರಾಜ್ಯದಿಂದ ಬಂದ ಪಿ.ಜಿ., ಸಿಸ್ಟರ್ ಇದ್ದರೆ ಪಕ್ಕದವರು ತಿಳಿಸಿ ಹೇಳಲಿ. ಸ್ವಲ್ಪ ನಿಧಾನವಾಗುತ್ತದೆ, ಪರವಾಗಿಲ್ಲ.

ಮೌನ ಬಂದರೆ ಹೆದರಬೇಡಿ. ನಮ್ಮ ಮೊದಲ ಸಲ ಪೂರ್ತಿ ಎರಡು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಪಿ.ಜಿ. ಡಾಕ್ಟರೇ, "ನನಗೆ ಆ ಹೊತ್ತಲ್ಲಿ ಮುಂದೇನು ಅಂತ ತೋಚಲಿಲ್ಲ, ಸಿಸ್ಟರ್ ನೆನಪಿಸಿದ್ರು" ಅಂದರು. ಅದಾದ ಮೇಲೆ ಮಾತು ನಿಲ್ಲಿಸುವುದೇ ಕಷ್ಟವಾಯಿತು. ಹಿರಿಯರೊಬ್ಬರು 'ನನಗೂ ಗೊತ್ತಾಗಲಿಲ್ಲ' ಅಂದರೆ ಬಾಗಿಲು ತೆರೆದ ಹಾಗೆ.

ಹಂತ 7: ಒಂದೇ ಒಂದನ್ನು ಬದಲಿಸಿ

ಹತ್ತು ತೀರ್ಮಾನ ಬರೆದರೆ ಒಂದೂ ಆಗುವುದಿಲ್ಲ. ನಾವು ಒಂದು ಪ್ಲಾಸ್ಟಿಕ್ ಡಬ್ಬಿ ಮಾಡಿದೆವು. ಕ್ಯಾನುಲಾ, ಡ್ರಿಪ್ ಸೆಟ್, ಟ್ರಾನೆಕ್ಸಾಮಿಕ್ ಆಸಿಡ್, ಸ್ಯಾಂಪಲ್ ಟ್ಯೂಬ್, ಬ್ಲಡ್ ಬ್ಯಾಂಕಿನ ಫಾರಂ. ಫಾರಂನಲ್ಲಿ ಸಹಿ ಮತ್ತು ಐಪಿ ನಂಬರಿನ ಜಾಗಕ್ಕೆ ಕೆಂಪು ಸುತ್ತು ಹಾಕಿಟ್ಟೆವು. ಆ ಸುತ್ತು ಹಾಕುವ ಯೋಚನೆ ಆಯಮ್ಮನದು. ಡಬ್ಬಿಯನ್ನು ಪ್ರತಿ ಪಾಳಿಯಲ್ಲಿ ಒಬ್ಬರು ತೆರೆದು ನೋಡಿ ಸಹಿ ಹಾಕುತ್ತಾರೆ. ಸರ್ಕಾರಿ ಆಸ್ಪತ್ರೆಯಾದರೆ, 2017ರಲ್ಲಿ ಶುರುವಾದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಲೇಬರ್ ರೂಮಿಗೆ ಕ್ವಾಲಿಟಿ ಸರ್ಕಲ್, ಅಂದರೆ ಗುಣಮಟ್ಟ ನೋಡಿಕೊಳ್ಳುವ ತಂಡ ಇರಬೇಕು. ನಿಮ್ಮ ತೀರ್ಮಾನವನ್ನು ಅಲ್ಲಿಗೆ ಒಯ್ಯಿರಿ, ಹಣ ಮತ್ತು ಸಾಮಾನು ಕೇಳುವುದು ಸುಲಭವಾಗುತ್ತದೆ.

ಕಾಲೇಜಿನಲ್ಲಿ ಮಾಡುವವರಿಗೆ

ಎಂಬಿಬಿಎಸ್‌ಗೆ 2019ರಿಂದ ಬಂದ ಪಠ್ಯಕ್ರಮ ಡಾಕ್ಟರಿಗೆ 5 ಪಾತ್ರ ಹೇಳುತ್ತದೆ. 'ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ' ಅದರಲ್ಲಿ ಒಂದು. ಪ್ರಿನ್ಸಿಪಾಲರ ಹತ್ತಿರ ಹೋಗುವಾಗ ಈ ಸಾಲನ್ನು ಹಿಡಿದುಕೊಂಡು ಹೋಗಿ. ಮಣಿಪಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಮಾಹೆ ಮತ್ತು ವೈದ್ಯಕೀಯ ಶಿಕ್ಷಣಕ್ಕಾಗಿ ಕೆಲಸ ಮಾಡುವ ಅಮೆರಿಕದ ಫೈಮರ್ ಸೇರಿ ಈ ಕಲಿಕೆಗೆ ಮುಂದಾಳುಗಳನ್ನು ತಯಾರು ಮಾಡಲೆಂದೇ ಒಂದು ಸಂಸ್ಥೆ ನಡೆಸುತ್ತವೆ. ಅಧ್ಯಾಪಕರು ಅಲ್ಲಿ ತರಬೇತಿ ಪಡೆಯಬಹುದು.

ಟೈಮ್‌ಟೇಬಲ್ ಹೊಂದಿಸುವುದೇ ನಿಜವಾದ ತಲೆನೋವು. ಮೂರು ಕಾಲೇಜಿನ ಖಾಲಿ ಗಂಟೆ ಹುಡುಕಿದರೆ ಸಿಗುವುದಿಲ್ಲ. ವಾರ್ಡ್ ಪೋಸ್ಟಿಂಗ್‌ನಲ್ಲಿ ಹುಡುಕಿ. ಎಂಬಿಬಿಎಸ್, ನರ್ಸಿಂಗ್, ಫಾರ್ಮ್.ಡಿ, ಲ್ಯಾಬ್ ವಿದ್ಯಾರ್ಥಿಗಳು ಹೇಗೂ ಒಂದೇ ವಾರ್ಡಿನಲ್ಲಿ ಓಡಾಡುತ್ತಿರುತ್ತಾರೆ. ಆರು ಜನರ ಗುಂಪು ಮಾಡಿ, ಒಬ್ಬ ತಾಯಿಯ ಒಪ್ಪಿಗೆ ಪಡೆದು, ಅವರವರ ಕಣ್ಣಿನಿಂದ ನೋಡಿ, ಎಲ್ಲರೂ ಸೇರಿ ಒಂದೇ ಹಾಳೆಯ ಯೋಜನೆ ಬರೆಯಲಿ. ಅದಕ್ಕೆ ಇಂಟರ್ನಲ್ ಮಾರ್ಕ್ಸ್ ಇರಲಿ, ಗುಂಪಿಗೆಲ್ಲ ಒಂದೇ ಮಾರ್ಕ್ಸ್. ಮಾರ್ಕ್ಸ್ ಇಲ್ಲದ್ದಕ್ಕೆ ಮಕ್ಕಳು ಬರುವುದಿಲ್ಲ, ಅದು ಅವರ ತಪ್ಪಲ್ಲ.

ಎರಡನೇ ಡ್ರಿಲ್

ಒಂದು ತಿಂಗಳ ನಂತರ ಇಡಿ. ಹಗಲಿನ ಪಾಳಿಯಲ್ಲಿ ಬೇಡ, ರಾತ್ರಿ ಮಾಡಿ. ಜನ ಕಡಿಮೆ, ಲಿಫ್ಟ್ ಇರಲಿಕ್ಕಿಲ್ಲ, ಕೀ ಹುಡುಕಬೇಕಾಗುತ್ತದೆ. ಅದೇ ಮೂರು ಸಮಯ ಬರೆದು ಮೊದಲ ಸಲದ ಪಕ್ಕದಲ್ಲಿಟ್ಟು ನೋಡಿ. ಜೊತೆಗೆ ಇನ್ನೊಂದನ್ನೂ ಬರೆದುಕೊಳ್ಳಿ: 'ರಕ್ತ ಜಾಸ್ತಿ ಹೋಗ್ತಿದೆ' ಅಂತ ಮೊದಲು ಹೇಳಿದ್ದು ಯಾರು? ನಮ್ಮ ಎರಡನೇ ಡ್ರಿಲ್‌ನ ಹಾಳೆಯಲ್ಲಿ ಆ ಸಾಲಿನ ಮುಂದೆ 'ಆಯಾ, 40 ಸೆಕೆಂಡ್' ಅಂತ ಇದೆ.